ಭಾನುವಾರದ ತೋರ್ತಾ

ಸ್ಪೇನಿನ ವೆಗಾಲ್ತಾ ಊರಿನ ಕನ್ಯಾಮಠದಲ್ಲಿ ಒಳಗಿನವರಿಗೂ ಹೊರಗಿನವರಿಗೂ ನಡುವೆ ಇದ್ದದ್ದು ಒಂದು ತಿರುಗಣೆ. ಗೋಡೆಯ ಕಿಂಡಿಯಲ್ಲಿ ನಿಲ್ಲಿಸಿದ, ಪೀಪಾಯಿಯಷ್ಟು ದಪ್ಪನೆಯ ಮರದ ಗೂಡು ಅದು. ಹೊರಗೆ ನಿಂತವರು ಗಂಟೆಯ ಹಗ್ಗ ಎಳೆದು ಬೇಕಾದ ತಿಂಡಿ ಕೇಳಬೇಕು. ಒಳಗಿನವರು ಅದನ್ನು ಗೂಡಿನಲ್ಲಿಟ್ಟು ಅರ್ಧ ಸುತ್ತು ತಿರುಗಿಸುತ್ತಾರೆ. ಯಾರ ಮುಖವೂ ಯಾರಿಗೂ ಕಾಣುವುದಿಲ್ಲ. ಸಿಸ್ಟರ್ ಕಸಿಲ್ದಾ ಈ ತಿರುಗಣೆಯ ಹಿಂದೆ ಮೂವತ್ತು ವರ್ಷಗಳಿಂದ ಕೂತಿದ್ದಳು. ಮಠದ ಒಲೆಯ ಮುಂದೆ ನಿಂತದ್ದು ಅದಕ್ಕೂ ಹೆಚ್ಚು ಕಾಲ. ಅರುವತ್ತೇಳು ವಯಸ್ಸಾದರೂ ಕಿವಿ ಮಾತ್ರ ಚುರುಕು. ಊರಿನಲ್ಲಿ ಯಾರಿಗೆ ನೆಗಡಿ, ಯಾರು ಬಸುರಿ, ಯಾರು ಗಂಡನ ಜೊತೆ ಮಾತು ಬಿಟ್ಟಿದ್ದಾರೆ ಎನ್ನುವುದೆಲ್ಲ ಬರೀ ದನಿಯಿಂದಲೇ ಅವಳಿಗೆ ತಿಳಿಯುತ್ತಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಗಂಟೆ ಬಾರಿಸಿದವರ ದನಿ ಮಾತ್ರ ಗುರುತಿನದಾಗಿರಲಿಲ್ಲ.

“ನಮೋ ಪರಿಶುದ್ಧ ಮರಿಯಾ,” ಎಂದಳು ಕಸಿಲ್ದಾ, ಪದ್ಧತಿಯಂತೆ.

“ಹ್ಞಾ... ನಮಸ್ಕಾರ ಸಿಸ್ಟರ್,” ಎಂದಿತು ಆಚೆಯ ಹೆಣ್ಣುದನಿ. ಪದ್ಧತಿಯ ಮರುಮಾತು ಅವಳಿಗೆ ಗೊತ್ತಿಲ್ಲ ಎಂದಾಯಿತು. “ಅರ್ಧ ಕಿಲೋ ಬಿಸ್ಕೋಚೊ ಕೊಡ್ತೀರಾ? ಎಲ್ಲಾ ಥರದ್ದೂ ಬೆರೆಸಿ ಕೊಡಿ. ಉಪ್ಪಿಂದು ಸ್ವಲ್ಪ ಜಾಸ್ತಿ ಇರ್ಲಿ.”

ಕಸಿಲ್ದಾ ಕಿವಿಯನ್ನು ಮರಕ್ಕೆ ತಾಗಿಸಿದಳು. “ಏನಂದ್ರಿ ತಾಯಿ? ಉಪ್ಪಿಂದಾ?”

“ಹೂಂ. ಚೀಸ್ ತುಂಬಿರೋದು ಇದ್ರೆ ಅದನ್ನೇ ಕೊಡಿ.”

“ಬಿಸ್ಕೋಚೊ ಒಳಗೆ ಚೀಸ್ ತುಂಬ್ತಾರಾ!” ಕಸಿಲ್ದಾಳಿಗೆ ಒಂದು ಕ್ಷಣ ಇವಳು ತಮಾಷೆಗೆ ಬಂದಿದ್ದಾಳೆಯೇ ಅನ್ನಿಸಿತು. “ಅದು ಮೊಟ್ಟೆ ಸಕ್ಕರೆ ಹಾಕಿ ಮಾಡೋದಮ್ಮ. ಕಿಲೋ ಲೆಕ್ಕದಲ್ಲಿ ಕೊಡೋದಲ್ಲ. ಇಡೀದು ತಗೋಬೇಕು, ಇಲ್ಲಾಂದ್ರೆ ಅರ್ಧ. ಎತ್ತರಕ್ಕೆ ಉಬ್ಬಿರತ್ತೆ, ಗುಂಡಗೆ, ಮೆತ್ತಗೆ.”

“ಓ, ತೋರ್ತಾ ಅನ್ನಿ!”

“ಅಯ್ಯೋ, ತೋರ್ತಾ ಅಲ್ಲ. ತೋರ್ತಾ ಅಂದ್ರೆ ಎಣ್ಣೇಲಿ ಕಲಸಿ, ಸೋಂಪು ಹಾಕಿ ತೆಳ್ಳಗೆ ತಟ್ಟೋದು. ಮುರಿದ್ರೆ ಕಟಕ್ ಅನ್ನತ್ತೆ. ಡಜನ್ ಇದೆ, ಕೊಡ್ಲಾ?”

“ಬೇಡ ಸಿಸ್ಟರ್, ಅದನ್ನ ನಾನು ಕೇಳೇ ಇಲ್ವಲ್ಲ!”

ಇಬ್ಬರಿಗೂ ಒಟ್ಟಿಗೇ ನಗು ಬಂತು. ಕಸಿಲ್ದಾ ಕೇಳಿದಳು: “ಯಾವ ಕಡೆಯವಳಮ್ಮ ನೀನು?”

“ಉರುಗ್ವೆ. ಸಾಲ್ತೋ ಅಂತ ಊರು. ಹೆಸರು ನಿಬಿಯಾ. ಅಲ್ಲಿ ಬ್ಯಾಂಕುಗಳೆಲ್ಲ ಬಾಗಿಲು ಹಾಕ್ಕೊಂಡ್ವು, ಗಂಡನ ಕೆಲಸ ಹೋಯ್ತು, ಜನವರೀಲಿ ಈ ಕಡೆ ಬಂದ್ವಿ. ಚೌಕದ ಪಕ್ಕ ಪರದೆ ಅಂಗಡಿ ಇದೆಯಲ್ಲ, ಅಲ್ಲಿ ಹೊಲಿಗೆ ಮಾಡ್ತೀನಿ. ಮಾತು ಇದೇ ಸ್ಪ್ಯಾನಿಷ್ ಆದ್ರೂ ನಮ್ಮಲ್ಲಿ ಬಿಸ್ಕೋಚೊ ಅಂದ್ರೆ ಬೇಕರೀಲಿ ಸಿಗೋ ಚಿಕ್ಕ ಚಿಕ್ಕ ತಿಂಡಿ ಸಿಸ್ಟರ್. ಭಾನುವಾರ ಬೆಳಿಗ್ಗೆ ಒಂದು ಪೊಟ್ಟಣ ಕಟ್ಟಿಸ್ಕೊಂಡು ನದಿ ದಂಡೆಗೆ ಹೋಗ್ತಿದ್ವಿ. ಯಾಕೋ ನೆನಪಾಯ್ತು.”

“ಹಾಗಾದ್ರೆ ಈ ಸಲ ನಮ್ಮ ಬಿಸ್ಕೋಚೊ ತಗೊಂಡು ಹೋಗು. ಚೆನ್ನಾಗಿಲ್ಲ ಅಂದ್ರೆ ಬಂದು ಬೈಯಿ,” ಎಂದು ಕಸಿಲ್ದಾ ತಿರುಗಣೆ ತಿರುಗಿಸಿದಳು.

ಮಠದ ಬಿಸ್ಕೋಚೊವನ್ನು ಚೆನ್ನಾಗಿಲ್ಲ ಅಂದವರು ವೆಗಾಲ್ತಾದಲ್ಲಿ ಒಬ್ಬರೂ ಇರಲಿಲ್ಲ. ಜ್ಞಾನಸ್ನಾನಕ್ಕೆ, ಮದುವೆಗೆ, ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಲು ಹೋಗುವಾಗ, ಎಲ್ಲದಕ್ಕೂ ಅದೇ ಬೇಕು. ಹಂದಿಕೊಬ್ಬು, ನಿಂಬೆಸಿಪ್ಪೆಯ ತುರಿ, ಮೇಲೆ ಉದುರಿಸಿದ ದಾಲ್ಚಿನ್ನಿ ಪುಡಿ. ಬಾಯಲ್ಲಿಟ್ಟರೆ ಪುಡಿಪುಡಿಯಾಗಿ ಕರಗುತ್ತಿತ್ತು.

ಎರಡು ದಿನ ಬಿಟ್ಟು ನಿಬಿಯಾ ಬಂದಳು.

“ಚೆನ್ನಾಗಿತ್ತು ಸಿಸ್ಟರ್. ನಮ್ಮಜ್ಜಿ ಇಂಥದ್ದೇ ಒಂದು ತೋರ್ತಾ ಮಾಡೋರು. ನಿಂಬೆ, ದಾಲ್ಚಿನ್ನಿ ಎಲ್ಲ ಅದೇ. ಆದ್ರೆ ಕೊಬ್ಬು ಬೇರೆ. ಏನು ಹಾಕ್ತೀರ?”

“ಮಂತೇಕಾ.”

“ಮಂತೇಕಾ ಅಲ್ಲ ಸಿಸ್ಟರ್, ಅದು ಹಂದೀದು. ನನ್ನ ನಾಲಿಗೆಗೆ ಗೊತ್ತಾಗಲ್ವಾ?”

“ಹಂದೀದೇ ಕಣಮ್ಮ ಮಂತೇಕಾ ಅಂದ್ರೆ!”

“ಅದು ಹೇಗೆ? ಮಂತೇಕಾ ಹಸೂದು. ಹಳದಿ ಇರತ್ತೆ, ಬ್ರೆಡ್ಡಿಗೆ ಸವರ್ತೀವಲ್ಲ.”

“ಅದಕ್ಕೆ ಮಂತೆಕೀಯಾ ಅಂತಾರೆ. ಬೆಣ್ಣೆ. ಮಂತೇಕಾ ಬೇರೆ, ಮಂತೆಕೀಯಾ ಬೇರೆ.”

“ನಿಮ್ಮಲ್ಲಿ ಬೇರೆ ಇರಬಹುದು ಸಿಸ್ಟರ್. ನಮ್ಮ ದೇಶದಲ್ಲಿ ಅಂಗಡಿಗೆ ಹೋಗಿ ಮಂತೇಕಾ ಅಂದ್ರೆ ಬೆಣ್ಣೇನೇ ಕೊಡ್ತಾರೆ. ಹಂದೀದು ಬೇಕಿದ್ರೆ ಹಂದಿ ಕೊಬ್ಬು ಅಂತ್ಲೇ ಕೇಳ್ಬೇಕು.”

ತಿರುಗಣೆಯ ಮೇಲಿಟ್ಟಿದ್ದ ಕಸಿಲ್ದಾಳ ಕೈ ಅಲ್ಲೇ ನಿಂತಿತು. “ಸಿಸ್ಟರ್? ಇದ್ದೀರಾ?” ಎಂದು ನಿಬಿಯಾ ಎರಡು ಸಲ ಕರೆದಳು. “ಇದ್ದೀನಮ್ಮ. ನಾಳೆ ಒಂದ್ಸಲ ಬರ್ತೀಯಾ?” ಎಂದಳು ಕಸಿಲ್ದಾ.

ಕಾರಣ ಹೀಗಿತ್ತು. ಆ ಬಿಸ್ಕೋಚೊ ಕಸಿಲ್ದಾಳ ಸ್ವಂತದ್ದಲ್ಲ, ಊರಿನದೂ ಅಲ್ಲ. ಅದು ಮದರ್ ತ್ರಿನಿದಾದರ ನೀಲಿ ರಟ್ಟಿನ ಅಡುಗೆ ಪುಸ್ತಕದ್ದು. ಸ್ಪೇನಿನ ಅಂತರ್ಯುದ್ಧ ಮುಗಿದ ಮೇಲೆ ಮಠದಲ್ಲಿ ಆರೇ ಆರು ಜನ ಉಳಿದಿದ್ದಾಗ, ಉರುಗ್ವೆಯ ರಾಜಧಾನಿ ಮೊಂತೆವಿದಿಯೋದ ಮಠದವರು ಹಡಗು ಹತ್ತಿಸಿ ಕಳಿಸಿಕೊಟ್ಟದ್ದು ಮದರ್ ತ್ರಿನಿದಾದರನ್ನು. ಹುಟ್ಟಿದ್ದೂ ಬೆಳೆದದ್ದೂ ಅಲ್ಲೇ. ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಕಸಿಲ್ದಾ ಹದಿನೆಂಟರ ಹುಡುಗಿಯಾಗಿ ಮಠ ಸೇರಿದಾಗ ಅವಳಿಗೆ ಓದು ತಿದ್ದಿದವರು, ಹಿಟ್ಟು ನಾದುವಾಗ ಮೊಣಕೈ ಹೇಗಿರಬೇಕು ಎಂದು ತೋರಿಸಿದವರು, ಊರಿನ ನೆನಪಾಗಿ ಅತ್ತಾಗ ಪಕ್ಕದಲ್ಲಿ ಕೂತು ಏನೂ ಹೇಳದೆ ಬಟಾಣಿ ಸುಲಿದವರು ಅವರೇ. ಆಗ ಮೊಟ್ಟೆಗೂ ಸಕ್ಕರೆಗೂ ಬರವಿದ್ದ ಕಾಲ. ಅವೆರಡೂ ಕೈಗೆ ಸಿಗುವ ಹೊತ್ತಿಗೆ ಮದರ್ ಅವರ ಮಂಡಿಗಳು ಹೋಗಿದ್ದವು, ಅಡುಗೆಮನೆಯ ಮೆಟ್ಟಿಲಿಳಿಯಲು ಆಗುತ್ತಿರಲಿಲ್ಲ. ಐವತ್ತೇಳರಲ್ಲಿ ಒಂದು ದಿನ ಪುಸ್ತಕವನ್ನು ಕಸಿಲ್ದಾಳ ಕೈಗಿಟ್ಟು, “ಓದ್ಕೊಂಡು ಮಾಡು, ನಿನ್ನ ಕೈ ಚೆನ್ನಾಗಿದೆ,” ಎಂದಿದ್ದರು.

ಮೊದಲ ಪುಟದಲ್ಲೇ ಇತ್ತು: ಭಾನುವಾರದ ತೋರ್ತಾ. ಉಬ್ಬಿದ ತಿಂಡಿಗೆ ತೋರ್ತಾ ಅಂದರೆ ಊರವರು ನಗುತ್ತಾರೆಂದು ಕಸಿಲ್ದಾ ಚೀಟಿಯಲ್ಲಿ ಬಿಸ್ಕೋಚೊ ಎಂದು ಬರೆದಳು. ಹನ್ನೆರಡು ಮೊಟ್ಟೆಯ ಹಳದಿ, ಅರ್ಧ ಕಿಲೋ ಸಕ್ಕರೆ, ಅರ್ಧ ಕಿಲೋ ಮಂತೇಕಾ. ಮಂತೇಕಾ ಅಂದರೆ ಏನೆಂದು ಕೇಳುವ ಅಗತ್ಯವೇ ಅವಳಿಗೆ ಕಂಡಿರಲಿಲ್ಲ. ಹಂದಿ ಕಡಿದಾಗ ಕಾಯಿಸಿ ಗಡಿಗೆಗೆ ತುಂಬಿಟ್ಟದ್ದು ಉಗ್ರಾಣದಲ್ಲೇ ಇತ್ತಲ್ಲ. ಆಮೇಲೆ ಹನ್ನೊಂದು ವರ್ಷ, ತೀರಿಹೋಗುವವರೆಗೆ, ಮದರ್ ತ್ರಿನಿದಾದ್ ಆ ತಿಂಡಿಯನ್ನು ಅವಳ ಕೈಯಿಂದಲೇ ತಿಂದಿದ್ದರು.

ಮರುದಿನ ನಿಬಿಯಾ ಬಂದಾಗ ಕಸಿಲ್ದಾ ಪುಸ್ತಕವನ್ನು ತಿರುಗಣೆಯ ಗೂಡಿನಲ್ಲಿಟ್ಟಳು. ಇಟ್ಟು, ತಿರುಗಿಸದೆ ನಿಂತಳು. ಆ ಪುಸ್ತಕ ಗೋಡೆಯ ಆಚೆ ಹೋಗಿದ್ದೇ ಇಲ್ಲ. ಆಚೆಯಿಂದ ನಿಬಿಯಾ ಕೆಮ್ಮಿದಳು. ಕಸಿಲ್ದಾ ತಿರುಗಿಸಿದಳು.

“ಮೊದಲ ಪುಟ ಓದಮ್ಮ. ಜೋರಾಗಿ ಓದು.”

ಹಾಳೆ ಮಗುಚಿದ ಸದ್ದಾಯಿತು. ನಿಬಿಯಾ ಓದತೊಡಗಿದಳು, ಹಾಡಿನಂತೆ ಏರಿಸಿ ಇಳಿಸಿ. ಮೊಟ್ಟೆಯ ಹಳದಿಗೆ ಈ ಊರಿನವರು ಯೇಮಾ ಅನ್ನುತ್ತಾರೆ. ಅವಳು ಶೇಮಾ ಎಂದಳು. ಕಸಿಲ್ದಾ ಗೋಡೆಗೆ ಒರಗಿದಳು. ಮೂವತ್ತೈದು ವರ್ಷಗಳಿಂದ ಆ ‘ಶ’ ಅವಳ ಕಿವಿಗೆ ಬಿದ್ದಿರಲಿಲ್ಲ. ಮದರ್ ತ್ರಿನಿದಾದ್ ಹಾಗೇ ಅನ್ನುತ್ತಿದ್ದರು. ಚಿಕ್ಕ ವಯಸ್ಸಿನ ಸಿಸ್ಟರುಗಳು ಅವರ ಬೆನ್ನ ಹಿಂದೆ ಅದನ್ನು ಅಣಕಿಸಿ ನಗುತ್ತಿದ್ದದ್ದು, ತಾನೂ ಅಣಕಿಸಿದ್ದು ನೆನಪಾಯಿತು.

“ಇದು ಬೆಣ್ಣೆ ಸಿಸ್ಟರ್,” ಎಂದಳು ನಿಬಿಯಾ. “ನಮ್ಮಜ್ಜಿ ಬರೆದ ಹಾಗೇ ಇದೆ. ಇನ್ನೊಂದು ಸ್ವಲ್ಪ ನೋಡ್ಲಾ?... ಕುಂಬಳದ ಪಾಯಸ, ದಮಾಸ್ಕೋ ಜಾಮು, ದುರಾಸ್ನೋ...”

“ಅವನ್ನ ನಾನು ಮಾಡಿಲ್ಲಮ್ಮ. ಆ ಹಣ್ಣೆಲ್ಲ ನಿಮ್ಮ ಅಮೆರಿಕದ್ದು. ದಮಾಸ್ಕೋ ಇಲ್ಲೆಲ್ಲಿ ಸಿಗತ್ತೆ?”

“ಸಂತೇಲಿ ಗುಡ್ಡೆ ಹಾಕಿದ್ದಾರಲ್ಲ ಸಿಸ್ಟರ್! ಕಿತ್ತಳೆ ಬಣ್ಣ, ಇಷ್ಟೇ ಇಷ್ಟು, ಒಳಗೆ ಒಂದೇ ಬೀಜ, ಸಿಪ್ಪೆ ಮೇಲೆ ಸಣ್ಣಗೆ ನವಿರು.”

ಕಸಿಲ್ದಾ ತಲೆ ತಿರುಗಿಸಿದಳು. ತಿರುಗಣೆಯ ಕೋಣೆಯ ಕಿಟಕಿಯಾಚೆ ಮಠದ ಅಂಗಳವಿತ್ತು. ಅಂಗಳದ ನಡುವಿನ ಏಪ್ರಿಕಾಟ್ ಮರ ಆ ವರ್ಷ ಮೈತುಂಬ ಕಾಯಿ ಬಿಟ್ಟಿತ್ತು. ಊರಿನ ಮಾತಿನಲ್ಲಿ ಆಲ್ಬರಿಕೋಕೆ. ಪ್ರತಿ ಜೂನ್ ತಿಂಗಳಲ್ಲಿ ಅರ್ಧ ಹಣ್ಣು ಸಿಸ್ಟರುಗಳು ತಿನ್ನುತ್ತಿದ್ದರು, ಉಳಿದರ್ಧ ಕಣಜಗಳ ಪಾಲಾಗುತ್ತಿತ್ತು. ದಮಾಸ್ಕೋ ಎನ್ನುವ ಪುಟ ಬಂದಾಗಲೆಲ್ಲ ಯಾವುದೋ ದೂರದೇಶದ ಹಣ್ಣು ಎಂದುಕೊಂಡು ಅವಳು ಮಗುಚಿಹಾಕಿದ್ದಳು, ನಲವತ್ತಾರು ವರ್ಷ.

“ದೇವರೇ,” ಎಂದಳು.

“ಏನಾಯ್ತು ಸಿಸ್ಟರ್?”

“ಏನಿಲ್ಲ. ಪುಸ್ತಕ ಈ ಕಡೆ ತಿರುಗಿಸು. ನಿಧಾನ.”

ಅಂದು ಮಧ್ಯಾಹ್ನ ಅವಳು ಮಠದ ಮುಖ್ಯಸ್ಥೆ ಮದರ್ ಲೆಯೊಕಾದಿಯಾ ಅವರ ಕೋಣೆಗೆ ಹೋದಳು. ಐವತ್ತರ ಹೆಂಗಸು, ಚಟಪಟ ಮಾತು, ಮೇಜಿನ ಮೇಲೆ ಸದಾ ಕಾಗದಗಳು.

“ಮದರ್, ಬೆಣ್ಣೆ ತರಿಸ್ಬೇಕಿತ್ತು. ಅರ್ಧ ಕಿಲೋ.”

“ಯಾಕೆ ಸಿಸ್ಟರ್?”

“ಬಿಸ್ಕೋಚೊಗೆ. ಪುಸ್ತಕದಲ್ಲಿ ಒಂದು ಪದ ತಪ್ಪು ಓದ್ಬಿಟ್ಟಿದ್ದೆ.”

“ಸರಿ, ತಪ್ಪು ಎಲ್ರೂ ಮಾಡ್ತಾರೆ. ಯಾವಾಗ ಓದಿದ್ದು?”

“ಐವತ್ತೇಳರಲ್ಲಿ.”

ಮದರ್ ಲೆಯೊಕಾದಿಯಾ ಪೆನ್ನು ಕೆಳಗಿಟ್ಟರು. ಕಸಿಲ್ದಾ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅವರ ತುಟಿ ಬಿಗಿಯಾಗುತ್ತಿತ್ತು. ಅದು ನಗುವನ್ನು ಹಿಡಿದಿಟ್ಟ ಬಿಗಿ ಎಂದು ಕಸಿಲ್ದಾಳಿಗೆ ಗೊತ್ತಾಗುವಷ್ಟರಲ್ಲಿ ಅವರು ಕೆಮ್ಮಿ, “ಊರಿಗೆ ನಿಮ್ಮದೇ ಇಷ್ಟ ಸಿಸ್ಟರ್. ಅದನ್ನ ಮುಟ್ಟೋದು ಬೇಡ. ನಮಗಷ್ಟೇ ಅಂತ ಒಂದು ಮಾಡಿ, ಭಾನುವಾರ ತಿನ್ನೋಣ,” ಎಂದರು.

ಬೆಣ್ಣೆ ತಂದುಕೊಟ್ಟವಳು ನಿಬಿಯಾ. ಶನಿವಾರ ಸಂಜೆ ಕಸಿಲ್ದಾ ಹನ್ನೆರಡು ಮೊಟ್ಟೆ ಒಡೆದು ಹಳದಿ ತೆಗೆದು, ಬೆಣ್ಣೆ ಸಕ್ಕರೆಯನ್ನು ಬೆಳ್ಳಗಾಗುವವರೆಗೆ ಉಜ್ಜಿದಳು. ಹಂದಿಕೊಬ್ಬಿನಂತೆ ಇದು ಕೈಗೆ ಜಾರಲಿಲ್ಲ, ನಿಂತು ನಿಂತು ಸೆಣಸಿತು. ಒಲೆಯಿಂದ ಬಂದ ವಾಸನೆ ಬೇರೆಯೇ ಆಗಿತ್ತು. ಆ ವಾಸನೆಗೆ ಒಬ್ಬಿಬ್ಬರು ಸಿಸ್ಟರುಗಳು ಅಡುಗೆಮನೆಯ ಬಾಗಿಲಿಗೆ ಬಂದು ಇಣುಕಿ ಹೋದರು.

ಭಾನುವಾರ ಊಟದ ಮೇಲೆ ಹನ್ನೊಂದು ತುಂಡು ಹನ್ನೊಂದು ತಟ್ಟೆಗೆ ಹೋಯಿತು. ಭಾನುವಾರವಾದ್ದರಿಂದ ಊಟದ ಮನೆಯಲ್ಲಿ ಮಾತಿಗೆ ಅಪ್ಪಣೆಯಿತ್ತು.

“ಪೇಟೇದರ ಹಾಗಿದೆ,” ಎಂದಳು ಒಬ್ಬಳು.

“ಮೆತ್ತಗಿದೆ. ಆದ್ರೆ ನಮ್ಮದು ಅನ್ನಿಸಲ್ಲ,” ಎಂದಳು ಇನ್ನೊಬ್ಬಳು.

ಮೇಜಿನ ತುದಿಯಲ್ಲಿ ಗಾಲಿಕುರ್ಚಿಯಲ್ಲಿ ಸಿಸ್ಟರ್ ಪರ್ಪೇತುವಾ ಕೂತಿದ್ದಳು. ಮಠದಲ್ಲಿ ಎಲ್ಲರಿಗಿಂತ ಹಿರಿಯಳು, ತೊಂಬತ್ತೊಂದು. ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಮುಚ್ಚಳವಿಲ್ಲ. ಒಂದು ಕಾಲದಲ್ಲಿ ಮಠದ ಕಾಯಿಲೆಯವರನ್ನೆಲ್ಲ ನೋಡಿಕೊಂಡವಳು ಅವಳೇ. ಮದರ್ ತ್ರಿನಿದಾದರ ಕೊನೆಯ ದಿನಗಳಲ್ಲೂ ಅವಳೇ ಇದ್ದಳು. ಅವಳು ತನ್ನ ತುಂಡಿನಿಂದ ಒಂದು ಚೂರು ಮುರಿದು ಹಾಲಿನಲ್ಲಿ ಅದ್ದಿ, ಬಾಯಲ್ಲಿ ಬಹಳ ಹೊತ್ತು ಹೊರಳಿಸಿ ನುಂಗಿದಳು.

“ಅಂತೂ ಗೊತ್ತಾಯ್ತಾ ನಿನಗೆ?” ಎಂದಳು, ಕಸಿಲ್ದಾಳ ಕಡೆ ನೋಡಿ.

“ಏನು ಗೊತ್ತಾಯ್ತಾ?”

“ಬೆಣ್ಣೆ. ತ್ರಿನಿದಾದ್ ಹೇಳೋಳು, ಇದು ಹೀಗಿರ್ಬೇಕು ಅಂತ.”

ಮೇಜಿನ ಸುತ್ತ ಚಮಚಗಳು ನಿಂತವು. ಕಸಿಲ್ದಾ ಎದ್ದು ಹೋಗಿ ಅವಳ ಕುರ್ಚಿಯ ಪಕ್ಕ ನಿಂತಳು. “ಮದರ್‌ಗೆ ಗೊತ್ತಿತ್ತಾ?”

“ಗೊತ್ತಿರ್ದೆ ಏನು? ಬಾಯಿ ಇರ್ಲಿಲ್ವಾ ಅವಳಿಗೆ? ಮೊದಲನೇ ದಿನ ನೀನು ತಟ್ಟೆ ಹಿಡ್ಕೊಂಡು ಮೆಟ್ಟಿಲು ಹತ್ತಿ ಬಂದೆ. ಮುಖ ನೋಡ್ಬೇಕಿತ್ತು ನಿಂದು, ಯಾರೋ ಕಿರೀಟ ಇಟ್ಟ ಹಾಗೆ. ಅವಳು ಒಂದು ತುತ್ತು ತಿಂದ್ಲು, ‘ಚೆನ್ನಾಗಿದೆ ಮಗಳೇ’ ಅಂದ್ಲು. ನೀನು ಕೆಳಗೆ ಹೋದ ಮೇಲೆ ನನಗೆ ಹೇಳಿದ್ಲು, ಪರ್ಪೇತುವಾ, ಈ ಹುಡುಗಿ ಹಂದಿಕೊಬ್ಬು ಹಾಕಿದ್ದಾಳೆ ಅಂತ. ನಗ್ತಾ ಇದ್ಲು. ಕಣ್ಣಲ್ಲಿ ನೀರೂ ಇತ್ತು. ಯಾವುದಕ್ಕೆ ಅಂತ ನಾನು ಕೇಳಲಿಲ್ಲ.”

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ?”

“ಬೆಣ್ಣೆ ಎಲ್ಲಿತ್ತು ಆಗ? ಸೆವಿಯಾ ಪಟ್ಟಣದವರೆಗೆ ಹುಡುಕಿದ್ರೂ ಸಿಗ್ತಿರ್ಲಿಲ್ಲ. ಹೇಳಿದ್ರೆ ನೀನು ಇಲ್ಲದ ಬೆಣ್ಣೆಗೆ ಅಳ್ತಾ ಕೂರ್ತೀಯ ಅಂದ್ಲು.”

“ಆಮೇಲೆ ಸಿಕ್ತಲ್ಲ! ಅರುವತ್ತೆರಡು, ಅರುವತ್ಮೂರರಲ್ಲಿ ಅಂಗಡೀಲೇ ಬಂತು.”

“ಅಷ್ಟೊತ್ತಿಗೆ ಊರೆಲ್ಲ ನಿನ್ನದಕ್ಕೆ ಸಾಲು ನಿಲ್ತಿತ್ತು. ಇನ್ನು ಬಿಡು, ಅದು ಅವಳದ್ದಾಗೋಯ್ತು ಅಂದ್ಲು. ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಮಾತು ತಗೊಂಡ್ಲು. ಈಗ ನೀನಾಗೇ ಕಂಡ್ಕೊಂಡೆ, ನಾನು ಮಾತು ಮುರಿದ ಹಾಗಾಗ್ಲಿಲ್ಲ.” ಪರ್ಪೇತುವಾ ಇನ್ನೊಂದು ಚೂರನ್ನು ಹಾಲಿಗೆ ಅದ್ದಿದಳು.

ಇದನ್ನು ಕೇಳಿದವರೆಲ್ಲ ಆಹಾ ಎಂದರು. ಒಬ್ಬಳಂತೂ ಕಣ್ಣೊರೆಸಿಕೊಂಡಳು. ಕಸಿಲ್ದಾಳಿಗೆ ಬಂದದ್ದು ಕಣ್ಣೀರಲ್ಲ, ಸಿಟ್ಟು. ತಟ್ಟೆಗಳನ್ನು ಒಟ್ಟುಮಾಡಿ ಅಡುಗೆಮನೆಗೆ ಒಯ್ದು, ಒಂದೊಂದನ್ನೂ ಎರಡೆರಡು ಸಲ ತೊಳೆದಳು. ಹನ್ನೊಂದು ವರ್ಷ! ಪ್ರತಿ ಹಬ್ಬಕ್ಕೆ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು, ‘ಮದರ್, ಸರಿಯಾಗಿದೆಯಾ, ನೀವು ಮಾಡ್ತಿದ್ದ ಹಾಗಿದೆಯಾ’ ಎಂದು ಕೇಳಿದ್ದಳು. ಅವರು ತಲೆದೂಗಿದ್ದರು. ಇವಳು ಕೆಳಗಿಳಿದ ಮೇಲೆ ಮೇಲಿನ ಕೋಣೆಯಲ್ಲಿ ಇಬ್ಬರು ನಕ್ಕಿದ್ದರು. ತನಗೆ ಹೇಳಿದ್ದರೆ ತಾನು ಒಡೆದು ಹೋಗುತ್ತಿದ್ದೆನೇ? ಅಷ್ಟೂ ಗಟ್ಟಿಯಿಲ್ಲದವಳು ಎಂದುಕೊಂಡಿದ್ದರೇ?

ಸೋಮವಾರದಿಂದ ಅವಳು ಯಾರ ಜೊತೆಗೂ ಮಾತಾಡಲಿಲ್ಲ. ಮಠದಲ್ಲಿ ಮೌನವೇ ನಿಯಮವಾದ್ದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ. ಇದು ಅವಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ತಿರುಗಣೆಯಲ್ಲಿ ಮಾತ್ರ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಬುಧವಾರ ನಿಬಿಯಾ ಬಂದು, “ಹೇಗಾಯ್ತು ಸಿಸ್ಟರ್ ತೋರ್ತಾ?” ಎಂದು ಉತ್ಸಾಹದಿಂದ ಕೇಳಿದಾಗ ಅವಳಿಗೆ ತಡೆಯಲಾಗಲಿಲ್ಲ, ಎಲ್ಲವನ್ನೂ ಮರದ ಗೂಡಿನೊಳಗೆ ಸುರಿದಳು.

ನಿಬಿಯಾ ಕೇಳಿಸಿಕೊಂಡಳು. ಅವಳು ಹೀರುತ್ತಿದ್ದ, ಉರುಗ್ವೆಯವರ ‘ಮಾತೆ’ ಎಂಬ ಎಲೆಕಷಾಯದ ಕೊಳವೆ ಗೊರಗೊರ ಅಂದಿತು.

“ನನಗೂ ಸಿಟ್ಟು ಬರ್ತಿತ್ತು ಸಿಸ್ಟರ್,” ಎಂದಳು ಕೊನೆಗೆ.

“ಬರ್ತಿತ್ತಲ್ವಾ?”

“ಬರ್ತಿತ್ತು. ಆದ್ರೂ ಒಂದು ಹೇಳ್ತೀನಿ. ಪರದೆ ಅಂಗಡಿ ಯಜಮಾನಿ ನನ್ನ ಮಾತನ್ನ ದಿನಕ್ಕೆ ಹತ್ತು ಸಲ ತಿದ್ದುತ್ತಾಳೆ. ಅದಕ್ಕೆ ಹಾಗನ್ಬೇಡ, ಹೀಗನ್ನು. ಅದು ನಿಮ್ಮೂರಲ್ಲಿ, ಇದು ಸ್ಪೇನು. ಅವಳು ಹೇಳೋದು ಸರಿಯೇ. ಸಂಜೆ ಮನೆಗೆ ಹೋಗೋ ಹೊತ್ತಿಗೆ ಬಾಯಿ ತೆರೆಯೋಕೇ ಬೇಜಾರಾಗಿರತ್ತೆ. ನಿಮ್ಮ ಮದರನ್ನೂ ಇಲ್ಲಿ ಎಲ್ರೂ ತಿದ್ದಿರಬೇಕು.”

ತಿದ್ದಿದ್ದು ಹೌದು. ಯೇಮಾ ಅನ್ನಿ ಮದರ್, ಶೇಮಾ ಅಲ್ಲ ಎಂದು ಹಿಂದಿನ ಮುಖ್ಯಸ್ಥೆ ಊಟದ ಮನೆಯಲ್ಲಿ ಎಲ್ಲರೆದುರು ಹೇಳುತ್ತಿದ್ದದ್ದು ಕಸಿಲ್ದಾಳಿಗೆ ನೆನಪಿತ್ತು. ಆಮೇಲಾಮೇಲೆ ಮದರ್ ತ್ರಿನಿದಾದ್ ಊಟದ ಮನೆಯಲ್ಲಿ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ್ದರು.

ಶನಿವಾರ ಮಠದ ಹಿಂದಿನ ಗೋರಿಗಳನ್ನು ಗುಡಿಸುವುದು ಕಸಿಲ್ದಾಳ ಪಾಳಿ. ಮದರ್ ತ್ರಿನಿದಾದರ ಹೆಸರಿದ್ದ ಕಲ್ಲಿನ ಮುಂದೆ ಅವಳು ಪೊರಕೆ ಊರಿ ನಿಂತಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಜೋರಾಗಿಯೇ ಅಂದಳು: “ಮದರ್, ನಿಮಗೆ ಬೆಣ್ಣೆ ಬೇಕು ಅಂತ ಒಂದು ಮಾತು ಅಂದಿದ್ರೆ ನಾನು ಸೆವಿಯಾಕ್ಕೆ ನಡ್ಕೊಂಡು ಹೋಗ್ತಿದ್ದೆ. ನಿಯಮ ಮುರಿದು ಹೋಗ್ತಿದ್ದೆ. ಅದು ಗೊತ್ತಿದ್ದೇ ಹೇಳ್ಲಿಲ್ಲ ನೀವು.” ಅಷ್ಟು ಹೇಳಿದ ಮೇಲೆ ಹೇಳಲು ಇನ್ನೇನೂ ಉಳಿಯಲಿಲ್ಲ. ಆಗ ಅಳು ಬಂತು, ಸ್ವಲ್ಪ ಹೊತ್ತು. ಆಮೇಲೆ ಪೂರ್ತಿ ಗುಡಿಸಿ, ಕಸ ಎತ್ತಿ ಹಾಕಿದಳು.

ಜೂನ್ ಮೊದಲ ವಾರ ಏಪ್ರಿಕಾಟ್ ಹಣ್ಣಾದವು. ಈ ವರ್ಷ ಕಣಜಗಳಿಗೆ ಬಿಡಲಿಲ್ಲ. ಸಿಸ್ಟರುಗಳು ಹಾಸಿಗೆ ಬಟ್ಟೆ ಹಾಸಿ ಕೊಂಬೆ ಅಲುಗಿಸಿದರು. ದಮಾಸ್ಕೋ ಪುಟವನ್ನು ನಿಬಿಯಾ ತಿರುಗಣೆಯ ಆಚೆಯಿಂದ ಸಾಲು ಸಾಲಾಗಿ ಓದಿದಳು. ಕಸಿಲ್ದಾ ಈಚೆ ಕೂತು ತನ್ನೂರಿನ ಮಾತಿನಲ್ಲಿ ಬರೆದುಕೊಂಡಳು. ಬೀಜ ಒಡೆದು ಒಳಗಿನ ತಿರುಳನ್ನು ಎರಡೋ ಮೂರೋ ಹಾಕಬೇಕು ಎಂದಿತ್ತು. “ಎರಡಾ, ಮೂರಾ?” ಎಂದಳು ಕಸಿಲ್ದಾ. “ಎರಡೋ ಮೂರೋ ಅಂತಾನೇ ಬರೆದಿದ್ದಾರೆ ಸಿಸ್ಟರ್.” “ಇದೇ ಮದರ್ ನನಗೆ ಹಿಟ್ಟಿನ ಅಳತೇಲಿ ಒಂದು ಚಿಟಿಕೆ ಹೆಚ್ಚಾದ್ರೂ ಬೈತಿದ್ರು!” ಒಂದು ವಾರ ಅಂಗಳವೆಲ್ಲ ಬೆಂದ ಹಣ್ಣಿನ ಘಮ. ಸೀಸೆಗಳಿಗೆ ಚೀಟಿ ಅಂಟಿಸುವಾಗ ಕಸಿಲ್ದಾ ದಮಾಸ್ಕೋ ಎಂದೇ ಬರೆದಳು.

“ಜನಕ್ಕೆ ಅರ್ಥ ಆಗಲ್ಲ ಸಿಸ್ಟರ್,” ಎಂದರು ಮದರ್ ಲೆಯೊಕಾದಿಯಾ.

“ಕೇಳ್ಲಿ. ಕೇಳಿದ್ರೆ ಹೇಳ್ತೀನಿ.”

ಜನ ಕೇಳಿದರು. ಒಬ್ಬ ಮೇಷ್ಟ್ರು ಡಮಾಸ್ಕಸ್ ನಗರದ ಹೆಸರೆಂದುಕೊಂಡು, ಇದು ಸಿರಿಯಾದಿಂದ ತರಿಸಿದ್ದೇ ಎಂದು ವಿಚಾರಿಸಿದರು. ಒಬ್ಬ ಅಜ್ಜಿ, ತಿಂದು ನೋಡಿ, ನಮ್ಮ ಆಲ್ಬರಿಕೋಕೆಗಿಂತ ಇದೇ ರುಚಿ ಎಂದಳು. ಕಸಿಲ್ದಾ ಅವಳನ್ನು ತಿದ್ದಲಿಲ್ಲ.

ಹಂದಿಕೊಬ್ಬಿನ ಬಿಸ್ಕೋಚೊ ಹಾಗೇ ಮುಂದುವರಿಯಿತು. ಬೆಣ್ಣೆಯದನ್ನು ಭಾನುವಾರ ಮಾತ್ರ, ನಾಲ್ಕೇ ನಾಲ್ಕು, ಭಾನುವಾರದ ತೋರ್ತಾ ಎಂದು ಚೀಟಿ ಹಚ್ಚಿ ಮಾರಿದರು. ಮೊದಲು ಕೊಂಡವರಲ್ಲಿ ಇಬ್ಬರು ಎಣ್ಣೆಯ ತೋರ್ತಾ ಎಂದುಕೊಂಡು ಒಯ್ದು, ಬಿಚ್ಚಿ ನೋಡಿ, ವಾಪಸ್ ಬಂದು ಗಂಟೆ ಬಾರಿಸಿದರು. ಸಿಸ್ಟರ್ ಪರ್ಪೇತುವಾ ಒಂದು ಸಂಜೆ ಕಸಿಲ್ದಾಳನ್ನು ಕರೆದು, “ನನ್ನ ಹೆಸರಿನ ಸಂತರ ಹಬ್ಬಕ್ಕೆ ಹಂದಿಕೊಬ್ಬಿಂದೇ ಮಾಡು. ಬೆಣ್ಣೇದು ಒಸಡಿಗೆ ಅಂಟತ್ತೆ,” ಎಂದಳು.

“ಈ ಸಲ ನಲವತ್ತಾರು ವರ್ಷ ಕಾಯದೆ ಹೇಳಿದ್ರಲ್ಲ, ಸಂತೋಷ,” ಎಂದಳು ಕಸಿಲ್ದಾ. ಪರ್ಪೇತುವಾ ಬೊಚ್ಚುಬಾಯಿ ಬಿಟ್ಟು ನಕ್ಕಳು. ಅಲ್ಲಿಗೆ ಇಬ್ಬರ ನಡುವಿನದು ಮುಗಿಯಿತು.

ಸೆಪ್ಟೆಂಬರಿನಲ್ಲಿ ನಿಬಿಯಾಳ ಗಂಡನಿಗೆ ವಲೆನ್ಸಿಯ ಬಂದರಿನಲ್ಲಿ ಕೆಲಸ ಸಿಕ್ಕಿತು. ಹೋಗುವ ಮುನ್ನ ಒಮ್ಮೆ ಮುಖ ನೋಡಲಿ ಎಂದು ಮದರ್ ಲೆಯೊಕಾದಿಯಾ ಭೇಟಿಯ ಕೋಣೆಗೆ ಅಪ್ಪಣೆ ಕೊಟ್ಟರು. ನಡುವೆ ಕಬ್ಬಿಣದ ಜಾಲರಿ, ಎರಡೂ ಕಡೆ ಕುರ್ಚಿ. ಕಸಿಲ್ದಾ ಮನಸ್ಸಿನಲ್ಲಿ ಎತ್ತರದ, ಸಣಕಲು ಹೆಂಗಸೊಬ್ಬಳನ್ನು ಇಟ್ಟುಕೊಂಡಿದ್ದಳು. ಬಂದು ಕೂತವಳು ಗಿಡ್ಡಗೆ, ಗುಂಡಗೆ, ನರೆತ ಕೂದಲನ್ನು ಕೆಂಪಗೆ ಬಣ್ಣ ಹಾಕಿಸಿಕೊಂಡವಳು. ನಿಬಿಯಾಳೂ ಅವಳನ್ನು ನೋಡಿ ಗಲಿಬಿಲಿಗೊಂಡಂತೆ ಕಂಡಳು.

“ಚೆನ್ನಾಗಿದ್ದೀರಾ ಸಿಸ್ಟರ್?”

“ಚೆನ್ನಾಗಿದ್ದೀನಮ್ಮ. ನೀನು?”

“ಚೆನ್ನಾಗಿದ್ದೀನಿ.”

ಆಮೇಲೆ ಮಾತು ಹೊರಡಲಿಲ್ಲ. ನಿಬಿಯಾ ಚೀಲದ ಹಿಡಿ ತಿರುಚಿದಳು. ಕಸಿಲ್ದಾ ಜಾಲರಿಯ ಧೂಳು ನೋಡಿದಳು. ಗೋಡೆಯ ಗಡಿಯಾರ ಕಾಲು ಗಂಟೆ ಹೊಡೆಯಿತು.

“ಸಿಸ್ಟರ್, ತಪ್ಪು ತಿಳ್ಕೋಬೇಡಿ,” ಎಂದಳು ನಿಬಿಯಾ ಎದ್ದು ನಿಂತು. “ನಾನು ತಿರುಗಣೆ ಕಡೆ ಹೋಗ್ಲಾ?”

ಕಸಿಲ್ದಾಳಿಗೆ ನಗು ಬಂತು. ಇಬ್ಬರೂ ತಂತಮ್ಮ ದಾರಿ ಹಿಡಿದು ಹೊರಟರು, ಒಬ್ಬಳು ಬೀದಿಯ ಕಡೆಯಿಂದ, ಒಬ್ಬಳು ಅಂಗಳದ ಕಡೆಯಿಂದ. ಕಸಿಲ್ದಾ ತನ್ನ ಮೋಟು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಗಂಟೆಯ ಸದ್ದಾಯಿತು.

“ಹೇಳು ಮಗಳೇ,” ಎಂದಳು ಅವಳು, ಪದ್ಧತಿಯ ಮಾತನ್ನೂ ಮರೆತು.

“ವಲೆನ್ಸಿಯದಲ್ಲಿ ಏನೇನಕ್ಕೆ ಏನೇನಂತಾರೋ ಸಿಸ್ಟರ್. ಮತ್ತೆ ಮೊದಲಿಂದ ಶುರು. ಯೋಚಿಸಿದ್ರೆ ಕೈಕಾಲು ಆಡಲ್ಲ.”

“ಏನು ಮಹಾ! ತಪ್ಪು ಹೇಳು, ನಗ್ಲಿ. ಬಾಯಿ ಮಾತ್ರ ಮುಚ್ಕೋಬೇಡ. ಅಲ್ಲಿಂದ ಕಾಗದ ಬರಿ. ಆ ಕುಂಬಳದ ಪಾಯಸದ ಪುಟದಲ್ಲಿ ಒಂದು ಪದ ಇನ್ನೂ ಬಿಡಿಸಿಲ್ಲ ನಾವು. ಪುಸ್ತಕ ಇಲ್ಲೇ ಇದೆ, ತಿರುಗಿಸ್ಲಾ?”

“ತಿರುಗಿಸಿ,” ಎಂದಳು ನಿಬಿಯಾ.